ಕೊನೆಯ ಸುತ್ತಿಗೆ ಯಾರೂ ಬರಲಿಲ್ಲ

ಉದಗೀರದ ಸಭಾಂಗಣದಲ್ಲಿ ಡಾಕ್ಟರ್ ಓಂಪ್ರಕಾಶ ಭಾಷಣಕ್ಕೆ ಎದ್ದು ನಿಂತಾಗ ಸುಮಂಗಲಾ ಮುಂದಿನ ಸಾಲಿನಲ್ಲೇ ಕೂತಿದ್ದಳು. ಸಂಘಟಕರು ಅದಾಗಲೇ ಅವಳಿಗೆ ಶಾಲು ಹೊದಿಸಿ ಕೈಗೆ ತೆಂಗಿನಕಾಯಿ ಕೊಟ್ಟಿದ್ದರು. ಇಷ್ಟು ವರ್ಷ ನಡೆದ ಈ ಅಧ್ಯಯನಕ್ಕೆ ಅವಳಷ್ಟು ನೆರವಾದ ಹೆಂಗಸು ಇನ್ನೊಬ್ಬಳಿಲ್ಲ ಎಂದು ಮೈಕಿನಲ್ಲಿ ಹೇಳಿ ಚಪ್ಪಾಳೆ ಹೊಡೆಸಿದ್ದರು.

ಹೇಳಿದ್ದು ಸುಳ್ಳಲ್ಲ. ಭೂಕಂಪದಲ್ಲಿ ಲೋಹಾರಾದ ಸುತ್ತಿನ ಊರುಗಳು ನೆಲಸಮವಾದ ಮೇಲೆ ಬದುಕುಳಿದವರು ತಗಡಿನ ಪತ್ರಾದ ಶೆಡ್ಡುಗಳಲ್ಲಿ ಒತ್ತೊತ್ತಾಗಿ ದಿನ ಕಳೆಯುತ್ತಿದ್ದ ಕಾಲಕ್ಕೆ ಪುಣೆಯ ಒಂದು ಸಂಶೋಧನಾ ಸಂಸ್ಥೆಯ ಡಾಕ್ಟರುಗಳು ಬಂದಿದ್ದರು. ಶೆಡ್ಡುಗಳಲ್ಲಿದ್ದ ಹರೆಯದ ಹುಡುಗಿಯರ ಎತ್ತರ, ತೂಕ, ರಕ್ತ, ಎದೆ ಎಲ್ಲ ನೋಡಿಕೊಂಡು ಹೋಗಿದ್ದರು. ಹರೆಯದಲ್ಲಿ ಮೈಗೆ ಬಿದ್ದ ಪೆಟ್ಟು ಮುಂದೆ ಹೆಂಗಸಾದಾಗ ಯಾವ ರೂಪದಲ್ಲಿ ಹೊರಗೆ ಬರುತ್ತದೆ ಎಂದು ತಿಳಿಯುವ ಕೆಲಸ ಅದು. ಅದಕ್ಕಾಗಿ ಅದೇ ಹುಡುಗಿಯರನ್ನು ಕೆಲವು ವರ್ಷಕ್ಕೊಮ್ಮೆ ಹುಡುಕಿ ಹುಡುಕಿ ಮತ್ತೆ ನೋಡಬೇಕಿತ್ತು. ಹುಡುಗಿಯರು ಮದುವೆಯಾಗಿ ದಿಕ್ಕಿಗೊಬ್ಬರಾದರು. ಉಮರಗಾದಲ್ಲಿ ಮನೆಯಲ್ಲೇ ಬ್ಲೌಜು ಹೊಲಿಯುವ ಸುಮಂಗಲಾಳಿಗೆ ಅವರೆಲ್ಲರ ಪತ್ತೆ ಇರುತ್ತಿತ್ತು. ಅವಳೂ ಆ ಹುಡುಗಿಯರಲ್ಲೊಬ್ಬಳು, ಅವರೆಲ್ಲ ಅವಳ ಜೊತೆ ಶೆಡ್ಡಿನಲ್ಲಿ ಬೆಳೆದವರು. ಡಾಕ್ಟರ ಜೀಪು ಬಂತೆಂದರೆ ಅವಳೇ ಮುಂದೆ ಕೂತು ದಾರಿ ತೋರಿಸುತ್ತಿದ್ದಳು. ಓಂಪ್ರಕಾಶರನ್ನು ಅವಳು ದೇವರಂತೆ ಕಂಡವಳು.

ಪರದೆಯ ಮೇಲೆ ಹೃದಯದ ಚಿತ್ರ ಬಂತು. ಡಾಕ್ಟರು ಮರಾಠಿಯಲ್ಲಿ ಹೇಳತೊಡಗಿದರು.

ಒಬ್ಬ ಹುಡುಗಿ. ತಾಯಿ ಭೂಕಂಪದಲ್ಲಿ ಮನೆಯ ಕಲ್ಲಿನಡಿ ಹೋದವಳು. ಶೆಡ್ಡಿನ ಇಕ್ಕಟ್ಟಿನಲ್ಲಿ ಗಂಟಲು ನೋವು ಒಬ್ಬರಿಂದ ಒಬ್ಬರಿಗೆ ಹತ್ತುತ್ತಿತ್ತು, ಈ ಹುಡುಗಿಗೂ ಹತ್ತಿತು. ಆಮೇಲೆ ಕೀಲು ನೋವು. ಇವತ್ತು ಮೊಣಕಾಲು, ನಾಳೆ ಮೊಣಕೈ. ಆ ಜ್ವರ ಎದೆಯ ಒಳಗಿನ ಕವಾಟವನ್ನು ಕೆಡಿಸಿಬಿಟ್ಟಿತ್ತು. 'ಸ್ಟೆತೊಸ್ಕೋಪ್ ಇಟ್ಟಾಗ ಆ ಸಪ್ಪಳ ನನಗೆ ಸ್ಪಷ್ಟವಾಗಿ ಕೇಳಿಸಿತು' ಎಂದರು ಡಾಕ್ಟರು. ಅವಳಿಗೆ ಬೇಗನೆ ಮದುವೆಯಾಯಿತು. ಬಸುರಿಯಾದಾಗಲೂ ಒಮ್ಮೆ ತಪಾಸಣೆಗೆ ಬಂದಿದ್ದಳು. ನಿಲಂಗಾದಲ್ಲಿ ಹೆರಿಗೆಯ ಹೊತ್ತಿಗೆ ಶ್ವಾಸಕೋಶದಲ್ಲಿ ನೀರು ತುಂಬಿ ತೀರಿಕೊಂಡಳು. ಕೂಸು ಉಳಿಯಿತು.

'ಹುಡುಗಿಯರನ್ನು ಇಷ್ಟು ದೀರ್ಘಕಾಲ ಯಾಕೆ ಗಮನಿಸಬೇಕು ಅಂದರೆ, ಇದಕ್ಕಾಗಿ' ಎಂದು ಡಾಕ್ಟರು ಮುಗಿಸಿದರು.

ಸಭೆ ಲೊಚಗುಟ್ಟಿತು. ಆಮೇಲೆ ಚಪ್ಪಾಳೆ ತಟ್ಟಿತು.

ಸುಮಂಗಲಾ ಚಪ್ಪಾಳೆ ತಟ್ಟಲಿಲ್ಲ. ಆ ಮೊಣಕಾಲಿಗೆ ಎಣ್ಣೆ ತಿಕ್ಕಿದವಳು ಅವಳೇ. ಆ ಹುಡುಗಿ ಅವಳ ಅಕ್ಕ ಭುವನೇಶ್ವರಿ.

ಬಸುರಿಯಾಗಿದ್ದಾಗಿನ ಆ ತಪಾಸಣೆಯೂ ಅವಳಿಗೆ ನೆನಪಿತ್ತು. ಅಕ್ಕ ಕುಬಸದ ಶಾಸ್ತ್ರಕ್ಕೆಂದು ತವರಿಗೆ ಬಂದಿದ್ದಳು. ಹಸಿರು ಬಳೆ ತೊಟ್ಟು, ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಿದ್ದಳು. ಡಾಕ್ಟರು ಅವಳ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದ್ದರು. ಜೊತೆಗಿದ್ದ ಇಬ್ಬರು ಕಲಿಯುವ ಹುಡುಗರನ್ನು ಕರೆದು, ನೀವೂ ಕೇಳಿ ಎಂದಿದ್ದರು. ಆ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ಕಡೆಗೆ ಡಾಕ್ಟರು ಅಕ್ಕನ ಕೈಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟು, 'ಚಂದಾಗಿ ಊಟ ಮಾಡವಾ' ಎಂದಿದ್ದರು. ಅಕ್ಕ ನಗುತ್ತ ಎದ್ದು ಬಂದಿದ್ದಳು.

ಅಕ್ಕ ಸತ್ತ ದಿನ ನಿಲಂಗಾದ ಅವಳ ಗಂಡನ ಮನೆಯ ಅಂಗಳದಲ್ಲಿ ಅಪ್ಪ ಗುರುಲಿಂಗಪ್ಪ ಎದೆ ಬಡಿದುಕೊಂಡು, ಅತ್ತೆ ವಿಮಲಾಬಾಯಿಯೇ ಉಪವಾಸ ಕೆಡವಿ, ಹೊಡೆದು ತನ್ನ ಮಗಳನ್ನು ಕೊಂದಳೆಂದು ಕೂಗಿದ್ದ. ಪೊಲೀಸರು ಬಂದು ಅಕ್ಕನ ಗಂಡ ಬಾಲಾಜಿಯನ್ನು ಹಿಡಿದುಕೊಂಡು ಹೋಗಿದ್ದರು. ಸುಮಂಗಲಾ ಆಗ ಇನ್ನೂ ಶಾಲೆಗೆ ಹೋಗುವ ಹುಡುಗಿ. ಅಂಗಳದ ಮಣ್ಣು ಬಾಚಿ ವಿಮಲಾಬಾಯಿಯ ಬಾಗಿಲಿಗೆ ಎರಚಿ ಶಾಪ ಹಾಕಿದ್ದಳು. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಇಷ್ಟು ವರ್ಷವೂ ಅವಳು ಒಬ್ಬಳೇ ಕೂತಾಗ ಆ ಮುದುಕಿಯ ಸಾವನ್ನು ಬೇಡಿಕೊಂಡಿದ್ದಳು.

ಊಟದ ಹೊತ್ತಿಗೆ ಅವಳು ಡಾಕ್ಟರ ಬಳಿ ಹೋದಳು. ಅವರು ಉದಗೀರದ ಅರಿವೆ ಅಂಗಡಿಯ ಮನೆತನದವರು, ಕನ್ನಡ ಚೆನ್ನಾಗಿ ಬರುತ್ತಿತ್ತು.

"ಸಾಹೇಬ್ರ, ಆ ಹುಡುಗಿ ಎದಿ ಕೆಟ್ಟದ ಅಂತ ನಿಮಗ ಮೊದ್ಲೇ ಗೊತ್ತಿತ್ತೇನ್ರಿ?"

"ಗೊತ್ತಿತ್ತಲ್ಲ. ನನ್ನ ಕಿವಿಲೇ ಕೇಳೀನಿ."

"ಮತ್ತ ಆಕಿಗಿ ಹೇಳಿದ್ರೇನ್ರಿ?"

ಡಾಕ್ಟರು ಜಿಲೇಬಿ ಮುರಿಯುತ್ತಿದ್ದ ಕೈ ನಿಲ್ಲಿಸಿದರು. "ಆಗಿನ ಕಾಲ ಬ್ಯಾರೆ ಸುಮಂಗಲಾಬಾಯಿ. ನಮ್ದು ನೋಡೋ ಕೆಲಸ ಅಷ್ಟೇ. ನಡುವ ಕೈ ಹಾಕಿದ್ರ ಅಧ್ಯಯನಾನೇ ಕೆಡ್ತಿತ್ತು."

"ಆಕಿ ಹೆಸರೇನ್ರಿ?"

ಅವರು ನೆನಪಿಸಿಕೊಳ್ಳಲು ನೋಡಿದರು. "ಹೆಸರು ಈಗ ನೆನಪಿಲ್ಲ. ಆ ಸಪ್ಪಳ ಮಾತ್ರ ಇನ್ನೂ ಕಿವ್ಯಾಗ ಅದ."

ಯಾರೋ ಅಧಿಕಾರಿ ಕರೆದರು. ಡಾಕ್ಟರು ಅತ್ತ ಹೋದರು. ಸುಮಂಗಲಾ ಶಾಲನ್ನೂ ತೆಂಗಿನಕಾಯಿಯನ್ನೂ ಊಟದ ಮೇಜಿನ ಮೇಲೆ ಇಟ್ಟು ಬಸ್‌ಸ್ಟ್ಯಾಂಡಿಗೆ ನಡೆದಳು.

ಅವಳ ಗಂಡ ರೇವಣಸಿದ್ಧ ಎಸ್‌ಟಿ ಬಸ್ಸಿನ ಕಂಡಕ್ಟರ್. ಸಂಜೆ ಅವನು ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅವಳು ಎಲ್ಲ ಹೇಳಿ ಮುಗಿಸಿದ್ದಳು. ಅತ್ತಿರಲಿಲ್ಲ. ಅವನಿಗೆ ಅದೇ ಹೆದರಿಕೆಯಾಯಿತು.

"ಏನ್ ಮಾಡಬೇಕಂತಿ? ಹೋಗಿ ಕಲ್ಲು ಒಗೀತಿ ಏನು?"

"ಕಲ್ಲ ಒಗದ್ರ ಒಂದಿನ ನೋವಾಗ್ತದ್ರಿ. ಅವ್ರು ಜಲ್ಮೆಲ್ಲ ಮಾಡಿದ್ ಕೆಲಸ ಏನದ, ಅದು ಬೇಕು ನನಗ."

ಅದು ಹೇಗೆ ಸಿಗುತ್ತದೆಂದು ಅವಳಿಗೆ ಗೊತ್ತಿತ್ತು. ದೀಪಾವಳಿ ಆದ ಮೇಲೆ ಉಮರಗಾದಲ್ಲಿ ಅಧ್ಯಯನದ ಕೊನೆಯ ಸುತ್ತು. ಹೃದಯದ ಒಳಗೆ ಕಾಣಿಸುವ ಮಶೀನು ಪುಣೆಯಿಂದ ಬರುವುದಿತ್ತು. ಈ ಸುತ್ತು ಆದರೆ ಮಾತ್ರ ಹಿಂದಿನದಕ್ಕೆಲ್ಲ ಅರ್ಥ ಎಂದು ಡಾಕ್ಟರೇ ಎಷ್ಟೋ ಸಲ ಹೇಳಿದ್ದರು. ಆ ಹೆಂಗಸರನ್ನು ಕರೆತರುವ ಕೆಲಸ ಸುಮಂಗಲಾಳದು.

ಅವಳು ಹೊರಟಳು. ಶಿರೂರ ಅನಂತಪಾಳ, ದೇವಣಿ, ಉದಗೀರ, ಲೋಹಾರಾ. ಬಟ್ಟೆ ಹೊಲಿಯುವುದನ್ನು ಬದಿಗಿಟ್ಟು ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದಳು. ಯಾರ ಮನೆಗೆ ಹೋದರೂ ಮೊದಲು ಅಕ್ಕನ ಕಥೆ ಹೇಳಿದಳು, ಡಾಕ್ಟರು ಹೇಳಿದ ಹಾಗೆಯೇ, ಒಂದು ಮಾತೂ ಹೆಚ್ಚಿಗೆ ಸೇರಿಸದೆ. ಸೇರಿಸುವ ಜರೂರು ಬೀಳಲಿಲ್ಲ.

ದೇವಣಿಯಲ್ಲಿ ಸುಗಂಧಾ ಹೋರಿಗೆ ನೀರು ಕುಡಿಸುತ್ತ ಕೇಳಿಸಿಕೊಂಡಳು. ಅವಳಿಗೆ ಮೂರು ಸಲ ಬಸಿರು ಇಳಿದುಹೋಗಿತ್ತು, ಮಕ್ಕಳಿರಲಿಲ್ಲ. ಬಕೆಟ್ಟು ಕೆಳಗಿಟ್ಟು ಕೇಳಿದಳು.

"ಅಂದ್ರ ನಂದೂ ಏನರ ಗೊತ್ತಿರಬೇಕು ಅವ್ರಿಗಿ?"

"ನಿನಗ ಯಾವಾಗರ ಹೇಳ್ಯಾರೇನು?"

"ರಕ್ತ ತಗೋತಿದ್ರು. ಬಳಿ ಕೊಡ್ತಿದ್ರು, ಡಬ್ಬಿ ಕೊಡ್ತಿದ್ರು. ಏನದ ಅಂತ ಒಂದಿನಾ ಹೇಳಿಲ್ಲ." ಸುಗಂಧಾ ನೆಲಕ್ಕೆ ಉಗುಳಿದಳು. "ನಮ್ಮತ್ತಿ ನನಗ ಬಂಜಿ ಅಂದಳು. ನಾ ನನ್ನ ಹಣೆಬರ ಅಂದೆ. ಮತ್ತ ಅವ್ರು ಅಲ್ಲಿ ಕುಂತು ನನ್ನ ನೋಡ್ಲಿಕತ್ತಿದ್ರೇನು? ನಾ ಬರಂಗಿಲ್ಲ, ಅಕ್ಕಾ. ನನ್ನ ಓಣ್ಯಾಗಿನ ಇಬ್ಬರಿಗೂ ನಾನೇ ಹೇಳ್ತೀನಿ."

ಹೀಗೆ ಸಿಟ್ಟು ಮನೆಯಿಂದ ಮನೆಗೆ ತಾನೇ ನಡೆಯತೊಡಗಿತು. ಉದಗೀರದ ಚಂದ್ರಭಾಗಾ ಒಬ್ಬಳು ಮಾತ್ರ ಅಡ್ಡ ನಿಂತಳು.

"ನಿಮ್ಮಕ್ಕ ಸತ್ತಳು, ಖರೆ. ನನ್ನ ಮಗಳು ಬದುಕ್ಯಾಳಲ್ಲ? ಹದಿನಾಲ್ಕರ ಹುಡುಗಿ, ಸಾಲಿ ಮೆಟ್ಟಲ ಹತ್ತಿದ್ರ ದಮ್ಮು ಹತ್ತತದ. ಆ ಮಶೀನ್ ಬರ್ತದ ಅಂತ ನಾ ದಾರಿ ನೋಡ್ಲಿಕತ್ತೀನಿ. ನಿನ್ನ ಸೇಡಿಗಿ ನನ್ನ ಹುಡುಗಿನ್ನ ಯಾಕ ನಡುವ ತರ್ತಿ?"

ಇಷ್ಟು ಮನೆ ತಿರುಗಿದ ಸುಮಂಗಲಾಳನ್ನು ಯಾರೂ ಹೀಗೆ ಕೇಳಿರಲಿಲ್ಲ.

"ನಾಳೇನೇ ಆಕಿಗಿ ತಯಾರ ಮಾಡು. ನಾ ಲಾತೂರಿಗಿ ಕರ್ಕೊಂಡು ಹೋಗ್ತೀನಿ," ಎಂದಳು.

ಕರೆದುಕೊಂಡೂ ಹೋದಳು. ಹುಡುಗಿಯ ಎದೆ ಸರಿಯಾಗಿತ್ತು, ರಕ್ತ ಕಡಿಮೆ ಇತ್ತು. ಅಲ್ಲಿಯ ಆಸ್ಪತ್ರೆಯ ಡಾಕ್ಟರಮ್ಮ ಗುಳಿಗೆ ಬರೆದುಕೊಟ್ಟು, ತಪ್ಪದೆ ತೆಗೆದುಕೊಂಡರೆ ಗುಣವಾಗುತ್ತದೆ ಎಂದಳು. ಹೊರಗೆ ಬಂದ ಚಂದ್ರಭಾಗಾ, "ಇಷ್ಟು ಮಾತು ನಿಮ್ಮಕ್ಕಗ ಹೇಳ್ಲಿಕ್ಕಿ ಆ ಡಾಕ್ಟರ್‌ಗಿ ಏನಾಗಿತ್ತು?" ಎಂದಳು. ಅವಳೂ ಹೋಗಲಿಲ್ಲ.

ಕೊನೆಯ ಸುತ್ತಿನ ದಿನ ಉಮರಗಾದಲ್ಲಿ ಪೆಂಡಾಲು ಎದ್ದಿತ್ತು. ಸಾಲಾಗಿ ಕುರ್ಚಿ ಹಾಕಿದ್ದರು. ಮಶೀನಿಗೆ ಪರದೆ ಕಟ್ಟಿದ ಕೋಣೆ, ಬಿಳಿ ಕೋಟಿನ ನಾಲ್ಕೈದು ಹುಡುಗ ಹುಡುಗಿಯರು, ಉಪ್ಪಿಟ್ಟಿನ ದೊಡ್ಡ ಪಾತೇಲಿ. ಎದುರಿನ ಬಳೆ ಅಂಗಡಿಯ ಕಟ್ಟೆಯ ಮೇಲೆ ಸುಮಂಗಲಾ ಬೆಳಿಗ್ಗೆಯೇ ಬಂದು ಕೂತಿದ್ದಳು. ಚಹಾ ತರಿಸಿಕೊಂಡಳು.

ಒಂದು ಬಸ್ಸು ಬಂತು. ಡಾಕ್ಟರು ಪೆಂಡಾಲಿನಿಂದ ಹೊರಗೆ ಬಂದು ನೋಡಿದರು. ಇಳಿದವರು ಬಜಾರದ ಕಡೆ ಹೋದರು. ಇನ್ನೊಂದು ಬಸ್ಸು ಬಂತು. ಡಾಕ್ಟರು ಮತ್ತೆ ಹೊರಗೆ ಬಂದರು. ಫೋನು ಕಿವಿಗೆ ಹಚ್ಚಿಕೊಂಡು ಅತ್ತಿಂದಿತ್ತ ತಿರುಗಿದರು. ಬಿಳಿ ಕೋಟಿನ ಹುಡುಗರು ಖಾಲಿ ಕುರ್ಚಿಗಳಲ್ಲಿ ತಾವೇ ಕೂತು ಮೊಬೈಲು ನೋಡತೊಡಗಿದರು. ಉಪ್ಪಿಟ್ಟು ಆರಿತು. ಡಾಕ್ಟರ ಹೆಗಲು ಇಳಿಯುತ್ತಿರುವುದು ಸುಮಂಗಲಾಳಿಗೆ ರಸ್ತೆಯ ಈಚೆಯಿಂದಲೇ ಕಾಣುತ್ತಿತ್ತು. ಅಕ್ಕ ಸತ್ತ ಮೇಲೆ ಅವಳ ಎದೆ ಇಷ್ಟು ಹಗುರಾಗಿದ್ದೇ ಇಲ್ಲ. ಇನ್ನೊಂದು ಚಹಾ ಹೇಳಿದಳು.

ಮಧ್ಯಾಹ್ನ ಡಾಕ್ಟರ ಕಣ್ಣಿಗೆ ಅವಳು ಬಿದ್ದಳು. ರಸ್ತೆ ದಾಟಿ ಬಂದರು.

"ಸುಮಂಗಲಾಬಾಯಿ, ನಿಮಗೇ ಫೋನ್ ಹಚ್ಚಲಿಕತ್ತೀನಿ. ಯಾರೂ ಬಂದಿಲ್ಲಲ್ಲ?"

"ಬರಂಗಿಲ್ರಿ."

"ಯಾಕ?"

"ನಾ ಬರಬ್ಯಾಡ್ರಿ ಅಂದೀನಿ."

ಅವರಿಗೆ ಅರ್ಥವಾಗಲಿಲ್ಲ. ಅವಳು ಕಟ್ಟೆಯಿಂದ ಇಳಿಯಲಿಲ್ಲ. ಕೂತಲ್ಲಿಂದಲೇ ಹೇಳಿದಳು.

"ಉದಗೀರದಾಗ ನಿಮಗ ಒಂದ್ ಹೆಸರು ನೆನಪಾಗ್ಲಿಲ್ಲ. ನಾ ಹೇಳ್ತೀನಿ ಕೇಳ್ರಿ. ಭುವನೇಶ್ವರಿ. ನಮ್ಮಕ್ಕ. ಬಸುರಿದ್ದಾಗ ಆಕಿ ಎದಿ ನೀವು ಕೇಳಿದ್ರಿ, ನಿಮ್ಮ ಹುಡುಗ್ರಿಗಿ ಕೇಳಿಸಿದ್ರಿ. ಆಕಿಗಿ ಡಬ್ಬಿ ಕೊಟ್ಟು ಕಳಿಸಿದ್ರಿ. ನಾ ಬಾಜೂಕೇ ನಿಂತಿದ್ದೆ."

ಡಾಕ್ಟರು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಗುರುಲಿಂಗಪ್ಪನ ಮಗಳು?" ಎಂದರು.

"ಅಪ್ಪನ ಹೆಸರು ಹ್ಯಾಂಗ ನೆನಪದ?"

"ಅವ್ರಿಗಿ ನಾ ಹೇಳಿದ್ದೆ."

ಬಳೆ ಅಂಗಡಿಯವಳು ಬಳೆ ಜೋಡಿಸುವುದನ್ನು ನಿಲ್ಲಿಸಿದಳು.

"ಲಗ್ನದ ಮೊದ್ಲೇ ಹೇಳಿದ್ದೆ," ಡಾಕ್ಟರು ನೆಲ ನೋಡುತ್ತ ಹೇಳಿದರು. "ಎದಿ ಕವಾಟ ಕೆಟ್ಟದ, ತಿಂಗಳಾ ಇಂಜೆಕ್ಷನ್ ಬೇಕು, ಇಷ್ಟು ಲಗೂ ಲಗ್ನ ಬ್ಯಾಡ ಅಂದೆ. ಅವ್ರು ಕೈ ಮುಗದ್ರು. ನಿಲಂಗಾದಾಗ ಲಗ್ನದ ಸೋಯರಿಕಿ ಆಗ್ಯಾದ, ಈ ಮಾತು ಹೊರಗ ಬಿದ್ರ ದೊಡ್ಡಾಕಿಗೂ ಗಂಡು ಸಿಗಂಗಿಲ್ಲ ಸಣ್ಣಾಕಿಗೂ ಸಿಗಂಗಿಲ್ಲ, ಯಾರಿಗೂ ಹೇಳಬ್ಯಾಡ್ರಿ ಅಂದ್ರು. ನಾ ಜೋರ ಮಾಡಿದ್ರ ತಮ್ಮ ಹುಡುಗ್ಯಾರ್ನ ಬಿಡಿಸಿಕೊಂಡು ಹೋಗ್ತಿದ್ರು. ಅವ್ರ ಹಿಂದ ಶೆಡ್ಡಿನ ಮಂದಿ ಎಲ್ಲಾ ಹೋಗ್ತಿದ್ರು. ಕೆಲಸ ಆವಾಗಷ್ಟೇ ಸುರು ಆಗಿತ್ತು..."

"ಮತ್ತ ಬಸುರಿದ್ದಾಗ?"

ಅವರು ಖಾಲಿ ಪೆಂಡಾಲಿನ ಕಡೆ ನೋಡಿದರು.

"ಅಪ್ಪಗ ಹೇಳಿದ್ರಿ," ಎಂದಳು ಸುಮಂಗಲಾ. ಧ್ವನಿ ಏರಿರಲಿಲ್ಲ. "ಎದಿ ಯಾರದಿತ್ತು? ಅಪ್ಪಂದಿತ್ತೇನು? ನಮ್ಮಕ್ಕಗ ಕಿವಿ ಇದ್ದಿದ್ದಿಲ್ಲೇನು?"

"ನಾ ಏನ್ ಮಾಡ್ಲಿ ಈಗ? ಹೇಳ್ರಿ. ಏನ್ ಹೇಳಿದ್ರೂ ಮಾಡ್ತೀನಿ."

"ನಾಳಿ ಮುಂಜಾನಿ ಜೀಪ್ ತಗೊಂಡು ಮನಿಗಿ ಬರ್ರಿ. ಎಲ್ಲಿಗಿ ಹೋಗೋದಂತ ಆವಾಗ ಹೇಳ್ತೀನಿ."

ಅಲ್ಲಿಂದ ಅವಳು ನೇರ ಅಪ್ಪನ ಅಂಗಡಿಗೆ ಹೋದಳು. ಭೂಕಂಪದ ನಂತರ ಗುರುಲಿಂಗಪ್ಪ ಉಮರಗಾದ ಬಜಾರದಲ್ಲಿ ಕಿರಾಣಿ ಅಂಗಡಿ ಹಾಕಿದ್ದ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ನಾಲ್ಕು ಮಂದಿ ಗೌರವ ಕೊಡುವ ಮುದುಕ. ಹೆಂಡತಿ ಸತ್ತ ಮೇಲೆ ಎರಡು ಹೆಣ್ಣುಮಕ್ಕಳನ್ನು ಒಬ್ಬನೇ ಸಾಕಿದನೆಂದು ಊರು ಹೊಗಳುತ್ತಿತ್ತು. ಸುಮಂಗಲಾ ಗಿರಾಕಿಗಳು ಹೋಗುವ ತನಕ ನಿಂತಳು.

"ಅಪ್ಪಾ, ಅಕ್ಕನ ಎದಿ ಕೆಟ್ಟದ್ದು ನಿನಗ ಗೊತ್ತಿತ್ತು."

ಅವನು ತಕ್ಕಡಿ ಒರೆಸುತ್ತಿದ್ದವನು ಒರೆಸುತ್ತಲೇ ಇದ್ದ. "ಯಾರಂದ್ರು?"

"ಡಾಕ್ಟರ್ ಅಂದ್ರು."

"ಸುಳ್ಳ ಹೇಳ್ತಾನ ಅಂವಾ."

"ನಾಳಿ ಬರ್ತಾರ. ಅವ್ರ ಮಾರಿ ನೋಡಿ ಸುಳ್ಳ ಅನ್ನು."

ಅವನು ಒರೆಸುವ ಬಟ್ಟೆ ಕೆಳಗಿಟ್ಟ. ಗಲ್ಲಾದ ಹಿಂದಿನ ಗಾದಿಯ ಮೇಲೆ ಕುಸಿದು ಕೂತ. "ತಾಯಿಲ್ಲದ ಎರಡು ಹುಡುಗ್ಯಾರು ಸುಮಾ. ಪತ್ರಾದ ಶೆಡ್ಡು. ಒಂದು ಸೋಯರಿಕಿ ಬಂದಿತ್ತು. ಲಗ್ನಾದ್ರ ಆಕಿ ಗಂಡನ ಮನ್ಯಾವ್ರೇ ಔಷಧ ಮಾಡ್ಸ್ಯಾರು ಅಂದ್ಕೊಂಡೆ."

"ಅವ್ರಿಗಿ ಗೊತ್ತಿದ್ರಲ್ಲ ಮಾಡ್ಸೋದು! ಗೊತ್ತಿಲ್ದಾಂಗ ನೀನೇ ಮಾಡ್ದಿ. ಮತ್ತ ಆಕಿ ಸತ್ತಾಗ ಎದಿ ಬಡ್ಕೊಂಡು ವಿಮಲಾಬಾಯಿ ಕೊಂದಳಂದಿ. ನಿನ್ನ ಮಾತು ಕೇಳಿ ನಾ ಆಕಿಗಿ ದಿನಾ ಶಾಪ ಹಾಕ್ದೆ."

"ಆವಾಗ ತೆಲಿ ಕೆಟ್ಟಿತ್ತು..."

"ತೆಲಿ ಕೆಟ್ಟಿದ್ದಿಲ್ಲ. ಭಾಳ ಚಂದ ನಡದಿತ್ತು. ನಾಳಿ ನಿಲಂಗಾಕ್ಕ ಹೋಗೋದದ."

"ನಾ ಬರಂಗಿಲ್ಲ."

"ಬರದಿದ್ರ ನಾ ಇಲ್ಲೇ ನಿನ್ನ ಅಂಗಡಿ ಮುಂದ ನಿಂತು, ಬಜಾರದಾಗ ಹೋಗೋರಿಗಿ ಬರೋರಿಗಿ ಎಲ್ಲಾ ಕರ್ದು ಹೇಳ್ತೀನಿ. ಯಾವ್ದು ಬೇಕು ನೋಡು."

ಮರುದಿನ ಜೀಪಿನ ಮುಂದಿನ ಸೀಟಿನಲ್ಲಿ ಡಾಕ್ಟರ ಪಕ್ಕಕ್ಕೆ ಅವಳು ಅಪ್ಪನನ್ನು ಕೂರಿಸಿದಳು. ತಾನು ಹಿಂದೆ ಕೂತಳು. ಇಷ್ಟು ವರ್ಷ ಒಂದೇ ಗುಟ್ಟು ಕಾಯ್ದ ಇಬ್ಬರೂ ನಿಲಂಗಾ ಬರುವ ತನಕ ಒಬ್ಬರನ್ನೊಬ್ಬರು ನೋಡಲಿಲ್ಲ. ಒಮ್ಮೆ ಗುರುಲಿಂಗಪ್ಪ ಹಿಂದೆ ತಿರುಗಿ, "ಸುಮಾ, ನನ್ನ ವಯಸ್ಸರ ನೋಡು," ಎಂದ. ಅವಳು ಕಿಟಕಿಯಾಚೆಯ ತೊಗರಿ ಹೊಲ ನೋಡುತ್ತ ಕೂತಳು.

ವಿಮಲಾಬಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬಹಳ ಇಳಿದುಹೋಗಿದ್ದಳು. ಮಗ ಬಾಲಾಜಿ ಪೊಲೀಸರ ಕೈಯಿಂದ ಬಿಡುಗಡೆಯಾಗಿ ಬಂದ ಮೇಲೆ ಹೆಂಡತಿಯನ್ನು ಕೊಂದವನೆಂಬ ಹೆಸರು ಅವನಿಗೆ ಅಂಟಿಕೊಂಡೇ ಉಳಿಯಿತು. ಯಾರೂ ಅವನಿಗೆ ಮತ್ತೆ ಹೆಣ್ಣು ಕೊಡಲಿಲ್ಲ. ಕುಡಿಯಲು ಕಲಿತು, ಕೆಲವು ವರ್ಷದ ಹಿಂದೆ ಸತ್ತುಹೋಗಿದ್ದ. ತಾಯಿಯಿಲ್ಲದ ಮೊಮ್ಮಗಳು ಸಪನಾಳನ್ನು ಮುದುಕಿಯೇ ಬೆಳೆಸಿದ್ದಳು.

ಗುರುಲಿಂಗಪ್ಪನನ್ನು ಕಂಡು ಅವಳ ಕೈಯ ಮೊರ ನಿಂತಿತು. ಅವನು ಕಟ್ಟೆಯ ಮೇಲೆ ಕೂರಲು ಹೋದ.

"ಕೂಡಬ್ಯಾಡ," ಎಂದಳು ವಿಮಲಾಬಾಯಿ. "ನನ್ನ ಮನಿ ಕಟ್ಟಿ ಅದು. ಯಾಕ ಬಂದಿ?"

"ಹೇಳಪ್ಪಾ," ಎಂದಳು ಸುಮಂಗಲಾ.

ಗುರುಲಿಂಗಪ್ಪ ನಿಂತೇ ಹೇಳಿದ. ತುಟಿ ಅಲುಗಿದ್ದು ಕಂಡಿತೇ ಹೊರತು ಮಾತು ಕೇಳಿಸಲಿಲ್ಲ. ವಿಮಲಾಬಾಯಿ ಪೂರಾ ಕೇಳಿಸಿಕೊಂಡಳೋ ಇಲ್ಲವೋ, ಮೊರ ಬದಿಗಿಟ್ಟು ಎದ್ದಳು. ಬೇಲಿಯ ಬಳಿ ಹೋಗಿ ಪಕ್ಕದ ಮನೆಯವನನ್ನು ಕೂಗಿದಳು.

"ಬಕ್ಕಪ್ಪಾ, ಹೊರಗ ಬಾ. ನಿನ್ನ ಹೆಣ್ತಿಗೂ ಕರಿ. ಆಚಿ ಮನ್ಯಾವ್ರಿಗೂ ಬರ್ಲಿಕ್ಕಿ ಹೇಳು."

ಓಣಿಯವರು ಒಬ್ಬೊಬ್ಬರಾಗಿ ಬಂದು ಬೇಲಿಗೆ ನಿಂತರು. ಎಷ್ಟೋ ಜನ ಅಂದು ಗುರುಲಿಂಗಪ್ಪ ಎದೆ ಬಡಿದುಕೊಂಡದ್ದನ್ನು ಕಂಡವರೇ.

"ಈಗ ಹೇಳು," ಎಂದಳು ವಿಮಲಾಬಾಯಿ. "ಅವತ್ತು ನಿನ್ನ ಧ್ವನಿ ಭಾಳ ದೊಡ್ಡದಿತ್ತು. ಅಷ್ಟೇ ಜೋರ್ಲೆ ಹೇಳು."

"ನನ್ನ ಮಗಳಿಗಿ ಎದಿ ಬ್ಯಾನಿ ಇತ್ತು. ಈ ಡಾಕ್ಟರ್ ಹೇಳಿದ್ರು, ನನಗ ಗೊತ್ತಿತ್ತು. ಮುಚ್ಚಿಟ್ಟು ಲಗ್ನ ಮಾಡ್ಕೊಟ್ಟೆ."

"ಮತ್ತ?"

"ವಿಮಲಾಬಾಯಿ ಆಕಿಗಿ ಏನೂ ಮಾಡಿಲ್ಲ."

"ನನ್ನ ಮಗ?"

ಗುರುಲಿಂಗಪ್ಪ ಬೇಲಿಯ ಕಡೆ ನೋಡಿದ.

"ನನ್ನ ಮಗ ಏನ್ ಮಾಡಿದ್ದ? ಅಂವಾ ಕೇಳ್ಲಿಕ್ಕಿ ಈಗ ಇಲ್ಲ. ಅವ್ರು ಕೇಳಲಿ. ಹೇಳು."

"ಬಾಲಾಜಿನೂ ಏನೂ ಮಾಡಿಲ್ಲ."

ಬೇಲಿಯ ಆಚೆ ಯಾರೋ ಹೆಂಗಸು ಸೆರಗು ಬಾಯಿಗೆ ಹಚ್ಚಿಕೊಂಡಳು. ವಿಮಲಾಬಾಯಿ ಅಳಲಿಲ್ಲ. ಬಕ್ಕಪ್ಪನ ಮುಖ ನೋಡಿದಳು, ಅವನ ಹೆಂಡತಿಯ ಮುಖ ನೋಡಿದಳು, ಬೇಲಿಗೆ ನಿಂತ ಪ್ರತಿಯೊಬ್ಬರ ಮುಖವನ್ನೂ ನೋಡಿದಳು. ಒಬ್ಬೊಬ್ಬರೇ ತಲೆ ತಗ್ಗಿಸಿದರು.

ಆಗ ಒಳಗಿನಿಂದ ಸಪನಾ ಹೊರಗೆ ಬಂದಳು. ಅವಳನ್ನು ಕಂಡು ಸುಮಂಗಲಾಳಿಗೆ ಅಕ್ಕನೇ ಬಂದಂತಾಯಿತು. ಅದೇ ಹಣೆ, ಅದೇ ಗದ್ದ. ತಾಯಿ ಬದುಕಿದ್ದುದಕ್ಕಿಂತ ಮಗಳಿಗೆ ಹೆಚ್ಚು ವಯಸ್ಸಾಗಿತ್ತು. ಅವಳು ತಾತನನ್ನು ದಾಟಿ ಡಾಕ್ಟರ ಎದುರು ನಿಂತಳು.

"ನೀವೇ ಏನ್ರಿ ಆ ಡಾಕ್ಟರ್?"

"ಹೌದವಾ."

"ಅವ್ವ ಬಸುರಿದ್ದಾಗ ನೋಡೀರಿ?"

"ನೋಡೀನಿ."

"ನನ್ನ ಹತ್ರ ಅವ್ವನ ಒಂದು ಫೋಟೋ ಸೈತ ಇಲ್ಲ. ಅಪ್ಪನ್ನ ಹಿಡ್ಕೊಂಡು ಹೋದಾಗ ಮನ್ಯಾವ್ರು ಸಿಟ್ಟಿಲೆ ಎಲ್ಲಾ ಸುಟ್ಟಾರ. ನೀವು ಎದುರಾ ಎದುರು ಕುಂತು ನೋಡೀರಿ. ಹ್ಯಾಂಗಿದ್ದಳು ಹೇಳ್ರಿ."

ಡಾಕ್ಟರು ಬಾಯಿ ತೆರೆದರು. ಅವರಿಗೆ ಎದೆಯ ಸಪ್ಪಳ ನೆನಪಿತ್ತು, ಕವಾಟ ಎಷ್ಟು ಬಿಗಿದಿತ್ತೆಂಬುದು ನೆನಪಿತ್ತು. ಮುಖ ನೆನಪಿರಲಿಲ್ಲ. ಸಪನಾ ಕಾದಳು. ಓಣಿಯೆಲ್ಲ ಕಾದು ನಿಂತಿತು. ಅವರು ಕೈ ಜೋಡಿಸಿದರು.

"ಇಷ್ಟೇ ಕೇಳಿದ್ದೆ ನಾ," ಎಂದು ಸಪನಾ ಮುಖ ತಿರುಗಿಸಿದಳು.

ವಿಮಲಾಬಾಯಿ ಸುಮಂಗಲಾಳ ಕಡೆ ನೋಡಿದಳು. "ನೀನೂ ಬೈದಿದ್ದಿ. ಬಾಗಲಿಗಿ ಮಣ್ಣು ಒಗದಿದ್ದಿ."

"ಒಗದೀನ್ರಿ ಅತ್ತಿ."

"ನೀ ಹುಡುಗಿದ್ದಿ. ಆದ್ರ ಆಮ್ಯಾಲ ದೊಡ್ಡಾಕ್ಯಾದಿ. ಆವಾಗರ ಬಂದು ಕೇಳಬೇಕಿತ್ತು, ಅತ್ತಿ ಏನಾತು ಅಂತ." ಮುದುಕಿ ಬಾಗಿಲ ಕಡೆ ನಡೆದಳು. "ಒಳಗ ಬಾ. ಆಕಿಗಿ ಅವ್ವ ಹ್ಯಾಂಗಿದ್ದಳು ಅಂತ ನೀನರ ಹೇಳು."

ಸುಮಂಗಲಾ ಒಳಗೆ ಹೋದಳು. ಗಂಡಸರಿಬ್ಬರೂ ಅಂಗಳದ ಬಿಸಿಲಿನಲ್ಲಿ ನಿಂತಿದ್ದರು. ಯಾರೂ ಅವರಿಗೆ ಒಂದು ತಂಬಿಗೆ ನೀರು ಕೊಡಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಜೀಪು ಹೊರಟ ಸದ್ದು ಕೇಳಿತು. ಅವಳು ಅಕ್ಕನ ನಗು ಎಂಥದಿತ್ತೆಂದು ಹೇಳುತ್ತಿದ್ದವಳು ನಿಲ್ಲಿಸದೆ ಹೇಳುತ್ತಲೇ ಇದ್ದಳು.

ಆ ಚಳಿಗಾಲ ಮುಗಿಯುವುದರೊಳಗೆ ಓಂಪ್ರಕಾಶ ಅಧ್ಯಯನದಿಂದ ಹೊರಗೆ ಹೋದರು. ತಾವು ಇರುವ ತನಕ ಒಬ್ಬ ಹೆಂಗಸೂ ಬರುವುದಿಲ್ಲವೆಂದು ಅವರಿಗೆ ತಿಳಿದಿತ್ತು. ಸಂಸ್ಥೆಯವರು ಒಬ್ಬ ಡಾಕ್ಟರಮ್ಮನನ್ನು ಕಳಿಸಿದರು. ಹೆಂಗಸರು ಚಂದ್ರಭಾಗಾಳ ಮನೆಯಲ್ಲಿ ಸೇರಿ ಆ ಡಾಕ್ಟರಮ್ಮನಿಗೆ ಒಂದು ಮಾತು ಹೇಳಿದರು. ಯಾರ ಮೈಯಲ್ಲಿ ಏನು ಕಂಡರೂ ಮೊದಲು ಆ ಹೆಂಗಸಿಗೇ ಹೇಳಬೇಕು, ಅವಳ ಗಂಡನಿಗಲ್ಲ, ಅಪ್ಪನಿಗಲ್ಲ. ಔಷಧಿ ಸುರುವಾದ ಮೇಲೆ ಬೇಕಾದರೆ ಅಧ್ಯಯನಕ್ಕೆ ಬರೆದುಕೊಳ್ಳಲಿ. ಡಾಕ್ಟರಮ್ಮ ಒಪ್ಪಿದಳು. ಬೇಸಿಗೆಯಲ್ಲಿ ಉದಗೀರದಲ್ಲಿ ಕೊನೆಯ ಸುತ್ತು ನಡೆಯಿತು. ಸುಗಂಧಾಳಿಗೆ ಥೈರಾಯ್ಡ್ ರೋಗ ಇದೆಯೆಂದೂ, ಬಸಿರು ಇಳಿದುಹೋದದ್ದು ಅದರಿಂದಲೇ ಇರಬಹುದೆಂದೂ, ಅದು ಬಹಳ ಹಿಂದಿನಿಂದಲೇ ಇದ್ದಿರಬೇಕೆಂದೂ ಗೊತ್ತಾದದ್ದು ಆವಾಗಲೇ. ಅವಳು ಆ ದಿನ ಓಂಪ್ರಕಾಶರಿಗೆ ಬೈದ ಬೈಗುಳ ಪೆಂಡಾಲಿನ ಆಚೆಗೂ ಕೇಳಿಸಿತಂತೆ.

ಓಂಪ್ರಕಾಶ ಒಮ್ಮೆ ಸುಮಂಗಲಾಳಿಗೆ ಫೋನು ಮಾಡಿದ್ದರು. "ಮಾಫ್ ಮಾಡ್ರಿ," ಎಂದರು.

"ಇಲ್ರಿ," ಎಂದು ಅವಳು ಫೋನಿಟ್ಟಳು.

ಡಾಕ್ಟರಮ್ಮ ಉಮರಗಾಕ್ಕೆ ಬಂದು ಅವಳನ್ನೂ ಕರೆದಳು. ಎಲ್ಲರೂ ಬಂದಿದ್ದಾರೆ, ನೀವೊಬ್ಬರೇ ಉಳಿದಿದ್ದೀರಿ ಎಂದಳು. ಸುಮಂಗಲಾ ಹೊಲಿಗೆ ಮಶೀನು ತುಳಿಯುತ್ತ, "ಅವ್ರು ತಮ್ಮ ಸಲುವಾಗಿ ಬಂದಾರ, ಚಲೋ ಆಯ್ತು. ನಾ ನಮ್ಮಕ್ಕನ ಸಲುವಾಗಿ ಬರಂಗಿಲ್ರಿ," ಎಂದಳು. ಡಾಕ್ಟರಮ್ಮ ಮತ್ತೆ ಒತ್ತಾಯ ಮಾಡಲಿಲ್ಲ.

ಅಪ್ಪನಿಗೆ ಅವಳು ದಿನವೂ ಬುತ್ತಿ ಕಳಿಸುತ್ತಿದ್ದಳು, ರೇವಣಸಿದ್ಧನ ಕೈಯಲ್ಲಿ. ತ್ರಾಣ ತಗ್ಗಿದ ಮುದುಕ ಉಪವಾಸ ಬೀಳಬಾರದು ಎಂದಷ್ಟೇ. ಮಾತಾಡಲಿಲ್ಲ.

ಮುಂದಿನ ದೀಪಾವಳಿಗೆ ಸಪನಾ ಮೊದಲ ಸಲ ಉಮರಗಾಕ್ಕೆ ಬಂದಳು. ಚಿಕ್ಕಮ್ಮನೂ ಅವಳೂ ಬಜಾರಕ್ಕೆ ಹೊರಟರು. ಗುರುಲಿಂಗಪ್ಪ ದೂರದಿಂದಲೇ ಮೊಮ್ಮಗಳ ಮುಖ ಕಂಡು ಗಲ್ಲಾದ ಹಿಂದಿನಿಂದ ಎದ್ದು, ಒಂದು ಕೈ ಬಾಗಿಲಿಗೆ ಹಿಡಿದು ಹೊರಗೆ ಬಂದ.

"ಅಂವಾ ನನ್ನ ಕಡಿ ನೋಡ್ಲಿಕತ್ಯಾನ ಏನು ಚಿಗವ್ವಾ?" ಎಂದಳು ಸಪನಾ, ತಿರುಗದೆ.

"ಹೂಂ, ನೋಡ್ಲಿಕತ್ಯಾನ."

"ನೋಡ್ಲಿ," ಎಂದು ಸಪನಾ ಅಂಗಡಿಯ ಮುಂದಿನಿಂದಲೇ ಹಾದು ಹೋದಳು. ಒಮ್ಮೆ ತಿರುಗಿ ನೋಡು ಎಂದು ಸುಮಂಗಲಾ ಹೇಳಲಿಲ್ಲ.